ಐಸ್‌ಕ್ರೀಮ್ ಫ್ರೀಜರಿನಲ್ಲಿ ಉಳಿದ ಪದ್ಯಗಳು

ಕಳೆದ ಭಾನುವಾರ ಮಧ್ಯಾಹ್ನ, ಅಕ್ಷರಗಳನ್ನೇ ಚಿತ್ರವಾಗಿ ಜೋಡಿಸಿದ ಹಳೇ ಪದ್ಯಗಳ 612ನೇ ಹಾಳೆಯ ಸ್ಕ್ಯಾನ್ ಮುಗಿಯಿತು. ಅದೇ ಕೊನೆಯದು. ಚಹಾಕ್ಕೆ ಇಟ್ಟು ಬಂದು ಸುಮ್ನೆ ಕೂತೆ. ಚಹಾ ಉಕ್ಕಿ ಒಲೆಯೆಲ್ಲ ಆಯಿತು. "ಮುಗೀತೇನ ನಿನ್ನ ಹಾಳಿ ಸಂತಿ?" ಎಂದು ಅವ್ವ ಒಳಗಿನಿಂದ ಕೇಳಿದಳು. ಮುಗೀತವ್ವಾ ಅಂದೆ. ಆರು ವರ್ಷದ ಸಂತೆ ಅದು. ಅದರಲ್ಲಿ ಕೈ ಹಾಕಿದವರಿಗೆ ಒಂದು ಮಾತು ಹೇಳದೆ ಇರಲಾರೆ. ಹೆಸರು ಬರೀಬೇಡ್ರಿ ಎಂದು ಹಲವರು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ನಮ್ಮಪ್ಪ ರಾಮದುರ್ಗದಲ್ಲಿ ಸಣ್ಣ ಪ್ರೆಸ್ ಇಟ್ಟಿದ್ದರು. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಮಷಿನ್, ನಾಲ್ಕು ಕೇಸು ಅಚ್ಚಿನ ಮೊಳೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಾಸ್ತರರು ನಿವೃತ್ತರಾದಾಗ ಓದುವ ಬಿನ್ನವತ್ತಳೆ, ಇಷ್ಟೇ ಕೆಲಸ. ಅಪ್ಪನ ಹತ್ತಿರ ಬಿನ್ನವತ್ತಳೆ ತರುತ್ತಿದ್ದ ಹಳೇ ಪಂಡಿತರಿಗೆ ಒಂದು ಚಟ ಇತ್ತು. ಹೊಗಳುವ ಪದ್ಯವನ್ನು ಸಾಲಾಗಿ ಬರೆದರೆ ಅವರಿಗೆ ಸಮಾಧಾನ ಇಲ್ಲ. ಕಮಲದ ಎಸಳಿನೊಳಗೆ ಕೂಡಿಸಬೇಕು, ಹೆಣೆದುಕೊಂಡ ಹಾವಿನ ಮೈಮೇಲೆ ಹರಿಸಬೇಕು. ಪದ್ಮಬಂಧ, ನಾಗಬಂಧ, ಚಕ್ರಬಂಧ ಎಂದು ಇಂಥವಕ್ಕೆ ಹೆಸರು. ಅಪ್ಪ ಗೊಣಗುತ್ತಲೇ ಮೊಳೆ ಜೋಡಿಸುತ್ತಿದ್ದರು. ಆದರೆ ಪ್ರತಿಯೊಂದರದೂ ಒಂದು ಪ್ರೂಫ್ ತೆಗೆದು ಟ್ರಂಕಿಗೆ ಹಾಕುತ್ತಿದ್ದರು. ಅವರು ಹೋದ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಕಂಡಲ್ಲಿ ಕೇಳಿ ಕೇಳಿ ಇನ್ನಷ್ಟು ತುಂಬಿದೆ. ಟೈಪಿಂಗ್ ಕ್ಲಾಸಿನ ಗುರುಗಳೊಬ್ಬರು ಕನ್ನಡ ಟೈಪ್‌ರೈಟರಿನಲ್ಲೇ ಕುಟ್ಟಿದ ಗಣಪತಿ, ಕಲಶದ ಆಕಾರದ ಲಗ್ನದ ಪದ್ಯ, ನನ್ನ ವಿದ್ಯಾರ್ಥಿಗಳು ಅಕ್ಷರದಲ್ಲೇ ಕಟ್ಟಿದ ಗಾಳಿಪಟ.

ಹೊರದೇಶದಲ್ಲಿ ಇದರ ದಾಯಾದಿಯೊಂದು ಇದೆ, ಅದಕ್ಕೆ ಕಾಂಕ್ರೀಟ್ ಪೊಯೆಟ್ರಿ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ತಡವಾಗಿ. ಸಿಮೆಂಟಿಗೂ ಅದಕ್ಕೂ ಸಂಬಂಧ ಇಲ್ಲ. 1950ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಒಯ್ಗೆನ್ ಗೊಮ್ರಿಂಗರ್, ಬ್ರೆಜಿಲಿನ ಸಾವೊ ಪೌಲೊದಲ್ಲಿ ನೊಯ್‌ಗಾಂಡ್ರೆಸ್ ಎಂಬ ಗುಂಪು ಇದನ್ನು ಶುರು ಮಾಡಿದರು. ನಮ್ಮ ಪಂಡಿತರಿಗೆ ಛಂದಸ್ಸು ಬೇಕೇ ಬೇಕು. ಆ ಹೊರದೇಶದವರಿಗೆ ಒಂದು ಪದ, ಒಂದು ಖಾಲಿ ಜಾಗ ಸಾಕು. ಗೊಮ್ರಿಂಗರ್ 'ಮೌನ' ಎಂಬ ಅರ್ಥದ ಪದವನ್ನು 14 ಸಲ ಜೋಡಿಸಿ ನಡುವೆ ಒಂದು ಪದದಷ್ಟು ಜಾಗ ಬಿಟ್ಟರು. ಮೌನ ಇರುವುದು ಆ ತೂತಿನಲ್ಲಿ. ನಮ್ಮ ಟ್ರಂಕಿನಲ್ಲೂ ಅಂಥದ್ದೊಂದು ಹಾಳೆ ಇದೆ, ನಡುವಿನ ತೂತು ಮಾತ್ರ ಗೆದ್ದಲಿನ ಕೃಪೆ.

ಬೇರೆ ಪದ್ಯ ನೀರುಪಾಲಾದರೂ ಯಾರದಾದರೂ ಬಾಯಲ್ಲಿ ಉಳಿದಿರುತ್ತದೆ. ಇಂಥದ್ದು ಉಳಿಯುವುದಿಲ್ಲ. ಕಣ್ಣಿಗೆ ಬರೆದದ್ದು ಇದು, ಹಾಳೆ ಹೋದರೆ ಹೋಯಿತು.

2019ರ ಆಗಸ್ಟಿನಲ್ಲಿ ಹೋಗಿಯೇಬಿಟ್ಟಿತ್ತು. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟರು, ಮಲಪ್ರಭೆ ಊರೊಳಗೆ ಬಂದಳು. ಅವ್ವನನ್ನೂ ದನವನ್ನೂ ಎತ್ತರಕ್ಕೆ ಸಾಗಿಸುವ ಗಡಿಬಿಡಿ. ಟ್ರಂಕು ಮಂಚದ ಕೆಳಗೇ ಉಳಿಯಿತು. ಮೂರನೇ ದಿನ ಬಾಗಿಲು ತೆರೆದರೆ ಮೊಣಕಾಲುದ್ದ ಕೆಸರು. ಟ್ರಂಕು ತೆಗೆದೆ. ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ದೊಡ್ಡದೊಂದು ಹೋಳಿಗೆಯಂತೆ ಆಗಿದ್ದವು. ಒಣಗಲಿ ಅಂತ ಬಿಸಿಲಿಗೆ ಹರಡಲು ಹೊರಟೆ.

ಮೊದಲ ಕೃತಜ್ಞತೆ ಆಗ ನನ್ನ ಕೈ ತಡೆದ ತಮ್ಮನಿಗೆ. ನನ್ನ ಹಳೇ ವಿದ್ಯಾರ್ಥಿ, ದೂರದ ಊರಿನ ಗ್ರಂಥಾಲಯವೊಂದರಲ್ಲಿ ಕೆಲಸ. ಫೋನಿನಲ್ಲೇ ಕೂಗಾಡಿದ. "ಅಕ್ಕಾರ, ಬಿಸಿಲಿಗೆ ಹಾಕಬ್ಯಾಡ್ರಿ. ಅಂಟಿದ ಹಾಳಿ ಬಿಡಿಸಬ್ಯಾಡ್ರಿ. ಹಂಗೇ ಎತ್ತಿ ಫ್ರೀಜರ್‌ನಾಗ ಇಡ್ರಿ!" ಒದ್ದೆ ಕಾಗದಕ್ಕೆ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ನಮ್ಮದು ಆಗಲೇ ಆ ಗಡುವು ದಾಟಿತ್ತು. ಹೆಪ್ಪುಗಟ್ಟಿಸಿದರೆ ಬೂಷ್ಟು ಸಾಯುವುದಿಲ್ಲ, ಆದರೆ ಇದ್ದಲ್ಲೇ ನಿಲ್ಲುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಕರಗಿಸಿ, ನಿಧಾನವಾಗಿ ಒಣಗಿಸಬಹುದು. ಸರಿ, ಆದರೆ ಕರೆಂಟೇ ಇಲ್ಲದ ಊರಿನಲ್ಲಿ ಫ್ರೀಜರ್ ಎಲ್ಲಿಂದ?

ಲೋಕಾಪುರದಲ್ಲಿ ಐಸ್‌ಕ್ರೀಮ್ ಏಜೆನ್ಸಿ ಇಟ್ಟುಕೊಂಡ ಅಣ್ಣಾವ್ರೇ, ನಿಮಗೆ ಏನು ಹೇಳಲಿ? ನನ್ನ ಮುಖ ನೋಡಿರಲಿಲ್ಲ ನೀವು. ಯಾರೋ ಹೇಳಿದರು ಅಂತ ನಿಮ್ಮ ಟೆಂಪೋ ಕಳಿಸಿದಿರಿ, ಅದೂ ಸುತ್ತು ಹಾಕಿಕೊಂಡು. ಒಂದು ಫ್ರೀಜರ್ ಪೂರ್ತಿ ಖಾಲಿ ಮಾಡಿದಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ನನ್ನ ಕೆಸರಿನ ಹೋಳಿಗೆಗಳು ಮೈನಸ್ 18 ಡಿಗ್ರಿಯಲ್ಲಿ ಮಲಗಿದವು. "ಬ್ಯಾಸಿಗಿ ಬರೂತನಕ ಇಟಗೋರಿ, ನನಗ ಬೇಕಾಗಂಗಿಲ್ಲ. ಆದರ ಹಾವಿನ ಚಿತ್ರ ತಳಕ್ಕ ಇಡ್ರಿ, ಗಿರಾಕಿ ನೋಡಿದರ ಹೆದರತಾರ" ಎಂದಿರಿ. ಬಾಡಿಗೆ ಮಾತು ತೆಗೆದರೆ ಫೋನ್ ಇಟ್ಟುಬಿಡುತ್ತಿದ್ದಿರಿ. ದೀಪಾವಳಿ ಹೋಗಿ ಸಂಕ್ರಾಂತಿ ಬಂದರೂ ಪದ್ಯಗಳು ನಿಮ್ಮ ಮಾವಿನ ಕುಲ್ಫಿಯ ಪಕ್ಕದಲ್ಲೇ ಇದ್ದವು.

ಪ್ರತಿ ಶನಿವಾರ ಒಂದು ಚೀಲ ತರುವುದು, ಭಾನುವಾರ ಬಿಡಿಸುವುದು. ಅವ್ವ ಸೊಳ್ಳೆ ಪರದೆ ಬಿಚ್ಚಿ ಎರಡು ಮಂಚಕ್ಕೆ ಬಿಗಿದಳು. ಅದರ ಮೇಲೆ ಹಾಳೆ, ಕೆಳಗೆ ಫ್ಯಾನು. ಗಾಳಿ ಎರಡೂ ಕಡೆ ಆಡುತ್ತಿತ್ತು. ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ಬೀಸುಕಲ್ಲಿನ ಭಾರ. ಅಪ್ಪನ ಅಚ್ಚಿನ ಶಾಯಿ ಎಣ್ಣೆಯದು, ನೀರಿಗೆ ಜಗ್ಗಲಿಲ್ಲ. ಆ ಹಾಳೆಗಳನ್ನು ತಟ್ಟೆಯ ಶುದ್ಧ ನೀರಿನಲ್ಲಿ ಅದ್ದಿ ಕೆಸರು ತೆಗೆದೆವು. ಟೈಪ್ ಮಾಡಿದ್ದೂ ಬಹುಪಾಲು ಉಳಿಯಿತು. ಫೌಂಟನ್ ಪೆನ್ನಿನ ಬರಹ ಮಾತ್ರ ನೀಲಿ ಮೋಡವಾಗಿತ್ತು. ಪಂಡಿತರ ಕೈಬರಹದ ಮೂಲಪ್ರತಿಗಳು ಹೋದದ್ದು ಹೀಗೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಹರಿದ, ಅಳಿಸಿದ ಹಾಳೆಗಳನ್ನು ಓದಿಸಿದ್ದು ನಮ್ಮ ಓಣಿಯ ನೇಕಾರ ಮಾವ. ಓದಿದ್ದು ನಾಲ್ಕನೇ ಇಯತ್ತೆ. ಇಳಕಲ್ ಸೀರೆಯ ದಡಿ, ಖಣದ ಬುಟ್ಟಾ ನೋಡಿ ನೋಡಿ ಪಳಗಿದ ಕಣ್ಣು. ಗೋಮೂತ್ರಿಕೆ ಎಂಬ ಬಂಧವನ್ನು ಅವರಿಗೆ ವಿವರಿಸಲು ಹೋಗಿ ನಾನೇ ಕಲಿತೆ. ಎತ್ತು ನಡೆಯುತ್ತಾ ಉಚ್ಚೆ ಹೊಯ್ದರೆ ದಾರಿಯ ಮೇಲೆ ಅಂಕುಡೊಂಕು ಗೆರೆ ಬೀಳುತ್ತದಲ್ಲ, ಅದೇ ಓದುವ ದಾರಿ. ಎರಡು ಸಾಲು. ಒಂದು ಬಿಟ್ಟು ಒಂದು ಅಕ್ಷರ ಎರಡರಲ್ಲೂ ಒಂದೇ. ನಮ್ಮ ಎಂಟನೇ ತರಗತಿಯ ಮಕ್ಕಳು ನೆರೆಯ ನಂತರ ಕಟ್ಟಿದ್ದು ಇದು:

ಮಳೆ ತೆನೆ ಹೊಲ ಕೆರೆ
ಹೊಳೆ ಮನೆ ನೆಲ ತೊರೆ

ಮೇಲಿನ 'ಮ', ಕೆಳಗಿನ 'ಳೆ', ಮೇಲಿನ 'ತೆ', ಕೆಳಗಿನ 'ನೆ' ಹೀಗೆ ಹೊರಟರೂ ಮೇಲಿನ ಸಾಲೇ ಸಿಗುತ್ತದೆ. ಕೊನೆಯ 'ತೊರೆ' ಎಂದರೆ ಹಳ್ಳವೋ, ಮನೆ ಬಿಟ್ಟು ಹೋಗು ಎಂಬ ಮಾತೋ ಎಂದು ಕೇಳಿದೆ. "ಎರಡೂ ರೀ ಟೀಚರ್" ಎಂದಳು ಒಬ್ಬ ಹುಡುಗಿ. ಅವಳ ಮನೆಗೂ ನೀರು ಹೊಕ್ಕಿತ್ತು.

ಮಾವ ಇದನ್ನು ಒಂದು ಗಳಿಗೆ ನೋಡಿದರು. "ಹಂಗಾರ ಮ್ಯಾಲಿನ ಎಳಿ ಹರದರ ಕೆಳಗಿನ ಎಳಿ ನೋಡಿ ತುಂಬಬಹುದಲ್ಲ?" ಅಂದರು. ಹೌದಲ್ಲ! ಪಂಡಿತರು ಕಸರತ್ತಿಗೆ ಅಂತ ಎರಡೆರಡು ಕಡೆ ಬೆಸೆದ ಅಕ್ಷರಗಳೇ ಈಗ ನಮಗೆ ನಕಲು ಪ್ರತಿ. ಕಮಲದ ನಡುವಿನ ಅಕ್ಷರ ಅಳಿಸಿದ್ದರೆ ಎಸಳುಗಳಿಂದ ಹುಡುಕಿದೆವು, ಎಲ್ಲ ಎಸಳಿನ ಓದೂ ಅದನ್ನು ಮುಟ್ಟಿಯೇ ಹೋಗಬೇಕಲ್ಲ. ಹಾವಿನ ಮೈ ಒಂದರ ಮೇಲೊಂದು ಹಾಯುವ ಕಡೆಯೂ ಹಾಗೆಯೇ. ಚೌಕಳಿ ಕಾಗದ ಹಿಡಿದು ಮಾವ ಮನೆ ಎಣಿಸುವರು, ನಾನು ಛಂದಸ್ಸು ಎಣಿಸುವೆ. ಒಟ್ಟು 37 ಹಾಳೆ ಹೀಗೆ ತುಂಬಿದೆವು. ತುಂಬಿದ ಅಕ್ಷರಕ್ಕೆ ಕೆಂಪು ಚುಕ್ಕಿ ಇಟ್ಟಿದ್ದೇವೆ. ನಮ್ಮ ಊಹೆ ಯಾವುದು, ಮೂಲ ಯಾವುದು ಎಂದು ಮುಂದಿನವರಿಗೆ ತಿಳಿಯಬೇಕಲ್ವಾ.

ಅಪ್ಪನ ಜೊತೆ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್ ಕಾಕಾ ಈ ಬರಹ ಓದಲಾರರು, ಕಣ್ಣು ಹೋಗಿದೆ. ಬಿಡಿ ಮೊಳೆ ಕೈಗಿಟ್ಟರೆ ಬೆರಳಲ್ಲೇ ಸವರಿ ಯಾವ ಅಕ್ಷರ ಎನ್ನುತ್ತಾರೆ. ಬಂಧಗಳಲ್ಲಿ ಒತ್ತಕ್ಷರ ಯಾಕೆ ಕಡಿಮೆ ಎಂದು ಅವರನ್ನು ಕೇಳಿದ್ದೆ. ಪಂಡಿತರ ಶೈಲಿ ಇರಬೇಕು ಎಂದು ನನ್ನ ಲೆಕ್ಕ. "ಒತ್ತಿನ ಮೊಳಿ ಸಾಲೂದಿಲ್ಲವಾ ತಂಗಿ, ನಿಮ್ಮಪ್ಪ ಪಂಡಿತರ ಕಾಲು ಹಿಡದು ಬದಲು ಮಾಡಸ್ತಿದ್ದ" ಎಂದು ನಕ್ಕರು.

ಝೆರಾಕ್ಸ್ ಅಂಗಡಿಯ ಹುಡುಗನಿಗೂ ಒಂದು ಸಲಾಮು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸ್ಕ್ಯಾನರ್ ಬಿಟ್ಟುಕೊಟ್ಟ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಚಿತ್ರದ ಗುಣ ಕೆಡದ ಟಿಫ್ ಫೈಲ್, ಜೊತೆಗೆ ಹಾಳೆಯ ಹಿಂಬದಿಯದೂ ಒಂದು. ಬಂಧವನ್ನು ಬರೀ ಯೂನಿಕೋಡಿನಲ್ಲಿ ಟೈಪ್ ಮಾಡಿಟ್ಟರೆ ಕಮಲ ಹೋಗಿ ನಾಲ್ಕು ಸಾಲು ಉಳಿಯುತ್ತದೆ. ಬರೀ ಚಿತ್ರ ಇಟ್ಟರೆ ಹುಡುಕಲು ಬರುವುದಿಲ್ಲ. ಆದ್ದರಿಂದ ಒಂದೊಂದಕ್ಕೂ ಚಿತ್ರ, ಪಠ್ಯ, ಎಲ್ಲಿಂದ ಶುರುಮಾಡಿ ಹೇಗೆ ಓದಬೇಕು ಎಂಬ ಟಿಪ್ಪಣಿ, ಮೂರೂ ಇವೆ. ಹಳೇ ನುಡಿ ಫಾಂಟಿನ ಫೈಲುಗಳು ತೆರೆದರೆ ಬರೀ ಕಸದಂತೆ ಕಾಣುತ್ತಿದ್ದವು, ಅದನ್ನೂ ಅವನೇ ಬಗೆಹರಿಸಿದ.

ನಡುವೆ ಒಮ್ಮೆ ಇದೆಲ್ಲ ಒಂದು ಸಂಸ್ಥೆಗೆ ಕೊಟ್ಟು ಹಗುರಾಗೋಣ ಎಂದು ಹೋಗಿದ್ದೆ. ಇದು ಕಾವ್ಯವೋ ಚಿತ್ರವೋ, ಯಾವ ಕಪಾಟಿಗೆ ಹಾಕಬೇಕು ಎಂಬ ಪ್ರಶ್ನೆ ಎದ್ದು ಮೂರು ತಿಂಗಳಾದರೂ ಇಳಿಯಲಿಲ್ಲ. ವಾಪಸ್ ತಂದೆ. ಅಮೆರಿಕದ ಮಯಾಮಿಯ ರೂತ್ ಮತ್ತು ಮಾರ್ವಿನ್ ಸ್ಯಾಕ್ನರ್ ದಂಪತಿ 1979ರಿಂದ ಇಂಥವನ್ನೇ ಮನೆಯಲ್ಲಿ ಕೂಡಿಡುತ್ತಾ ಬಂದವರು. ಮಾರ್ವಿನ್ ಶ್ವಾಸಕೋಶದ ಡಾಕ್ಟರ್. 75 ಸಾವಿರಕ್ಕೂ ಹೆಚ್ಚು ವಸ್ತುಗಳು ಕೂಡಿದವು. ಅದು ಅಯೋವಾ ವಿಶ್ವವಿದ್ಯಾಲಯ ಸೇರಿದ್ದೂ 2019ರಲ್ಲೇ. ಅವರದು ವಿಶ್ವವಿದ್ಯಾಲಯಕ್ಕೆ, ನಮ್ಮದು ಕುಲ್ಫಿ ಫ್ರೀಜರಿಗೆ. ಹೊಟ್ಟೆಕಿಚ್ಚು ಆಯಿತು ಅಂತಲೇ ಇಟ್ಟುಕೊಳ್ಳಿ.

ಆ ಬೇಜಾರಿನಲ್ಲಿ ಇದ್ದಾಗ ವಿಜಯಪುರದ ಗೆಳತಿ ನನ್ನನ್ನು ಅಲ್ಲಿನ ಸುಲ್ತಾನರ ಗೋರಿ ಇಬ್ರಾಹಿಂ ರೋಜಾಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಅರಬ್ಬಿ ಅಕ್ಷರಗಳನ್ನೇ ಕೊರೆದು ಕಲ್ಲಿನ ಜಾಲಂದ್ರ ಮಾಡಿದ್ದಾರೆ. ಓದಲು ನನಗೆ ಬಾರದು. ಆದರೆ ಬೆಳಕು ಅಕ್ಷರದ ಸಂದಿಯಿಂದಲೇ ಒಳಗೆ ಬರುತ್ತದೆ. ಇನ್ನೊಂದು ಭಾನುವಾರ ಇಬ್ಬರೂ ಐಹೊಳೆಯ ಮೇಗುತಿ ಗುಡಿಯ ಗುಡ್ಡ ಹತ್ತಿದೆವು. ಅಲ್ಲಿನ 634ರ ಶಾಸನದಲ್ಲಿ ಕವಿ ರವಿಕೀರ್ತಿ ತನ್ನನ್ನು ಸಂಸ್ಕೃತ ಕವಿಗಳಾದ ಕಾಳಿದಾಸ, ಭಾರವಿಯರ ಸಮಕ್ಕೆ ನಿಲ್ಲಿಸಿಕೊಂಡಿದ್ದಾನಲ್ಲ, ಆ ಭಾರವಿಯೇ 'ದೇವಾಕಾನಿನಿಕಾವಾದೇ' ಎಂದು ಎತ್ತ ಓದಿದರೂ ಒಂದೇ ಆಗುವ ಸರ್ವತೋಭದ್ರ ಕಟ್ಟಿದವನು. "ಇಷ್ಟು ಹಳೇ ಚಟಕ್ಕ ಕಪಾಟ ಸಿಗಲಿಲ್ಲಂತ ಅಳ್ತೀಯಲ್ಲ" ಎಂದಳು ಗೆಳತಿ. ಕೆಳಗಿಳಿದು ಅಮೀನಗಡದಲ್ಲಿ ಕರದಂಟು ತಿಂದೆವು. ಬರುವ ದಾರಿಯಲ್ಲೇ ಕೆಲಸ ಮುಗಿಸುವ ಮನಸ್ಸು ಮತ್ತೆ ಬಂತು. ಅವಳಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ, ಅದಕ್ಕೇ ಇಲ್ಲಿ ಹೇಳಿದೆ.

ಈಗ ಹಾಳೆಗಳು ಆಮ್ಲವಿಲ್ಲದ ಕಾಗದದ ಫೋಲ್ಡರಿನಲ್ಲಿ, ಅಟ್ಟದ ಮೇಲಿನ ಕಪಾಟಿನಲ್ಲಿವೆ. ಫೈಲುಗಳ ನಕಲು ಮೂರು ಊರಿನಲ್ಲಿದೆ, ಒಂದು ಐಸ್‌ಕ್ರೀಮ್ ಅಣ್ಣಾವ್ರ ಕಂಪ್ಯೂಟರಿನಲ್ಲೂ. ಖಾಲಿ ಟ್ರಂಕಿನಲ್ಲಿ ಅವ್ವ ಜೋಳ ತುಂಬಿದ್ದಾಳೆ.

ಒಂದು ಮಾತ್ರ ಬಾಕಿ. 288ನೇ ಹಾಳೆಯ ನಾಗಬಂಧಕ್ಕೆ ಬಾಲ ಇಲ್ಲ. ಎರಡು ಹಾವು, ಒಂದರ ಬಾಲದ ತುದಿಯ 11 ಅಕ್ಷರ ಕೆಸರಿಗೆ ಹೋಗಿವೆ. ಅಲ್ಲಿ ಹಾವು ಎಲ್ಲೂ ಹಾಯುವುದಿಲ್ಲ, ಹಾಗಾಗಿ ಮಾವನ ಲೆಕ್ಕವೂ ನಡೆಯಲಿಲ್ಲ. ಸುರೇಬಾನ ಕಡೆಯ ಒಬ್ಬ ಮಾಸ್ತರರ ನಿವೃತ್ತಿಗೆ ಅಚ್ಚಾದದ್ದು ಎಂದು ಕಾಕಾ ಹೇಳುತ್ತಾರೆ. ಬಿನ್ನವತ್ತಳೆಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ರೂಢಿ ನಮ್ಮಲ್ಲಿ ಇತ್ತಲ್ಲ. ನಿಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿ ಎರಡು ಹಾವಿನ ಚಿತ್ರದ ಹಳೇ ಕಟ್ಟು ಇದ್ದರೆ ದಯವಿಟ್ಟು ಬಿಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಒಂದು ಫೋಟೋ ತೆಗೆದಿಟ್ಟು ನನಗೆ ತಿಳಿಸಿ, ನಾನೇ ಬರುತ್ತೇನೆ.