ಕಾಲಿದ್ದವರಿಗೆ ಹಂಪಿ ಆಯ್ತು, ನಮ್ಮವ್ವನಿಗೊಂದು ಬಸ್ಸು ಕೊಡಿ

ಕೊಪ್ಪಳ ಜಿಲ್ಲೆಯ ಐದೂ ಕ್ಷೇತ್ರಗಳ ಶಾಸಕರಿಗೆ,

ನಮಸ್ಕಾರ ಸಾಹೇಬ್ರೆ. ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಡಿಟಿಪಿನೂ ಮಾಡುತ್ತೇನೆ. ನಿಮ್ಮ ಐವರ ಟೇಬಲ್ಲಿಗೆ ಬರುವ ಅರ್ಜಿಗಳಲ್ಲಿ ಒಂದಿಷ್ಟಾದರೂ ನನ್ನ ಅಂಗಡಿಯಿಂದಲೇ ಹೊರಟಿರುತ್ತವೆ. "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರುವಾಗುವ ಕಾಗದವನ್ನು ಯಾರು ಎಷ್ಟು ಓದುತ್ತಾರೆ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ರಸ್ತೆ, ಚರಂಡಿ, ನಿವೇಶನ ಯಾವುದನ್ನೂ ಕೇಳುತ್ತಿಲ್ಲ. ನಮ್ಮದೇ ಜಿಲ್ಲೆಯ ಹಳೇ ಗುಡಿ, ಶಾಸನ ತೋರಿಸೋಕೆ ಒಂದು ಬಸ್ಸು ಬೇಕು. ವಾರಕ್ಕೆ ಒಂದೇ ದಿನ, ಬೆಳಗಿನ ಐದೂವರೆಗೆ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮವ್ವನಿಗೆ ಈಗ 68 ವರ್ಷ. ಹೊಲದ ಕೆಲಸದಲ್ಲಿ ಮೊಣಕಾಲು ಸವೆದಿವೆ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಹೋಗಿ ಬರುತ್ತಾಳೆ, 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಓಡಾಟ ಇನ್ನೂ ಜಾಸ್ತಿ ಆಗಿದೆ. ಆದರೆ ಹಂಪಿ ನೋಡಿರಲಿಲ್ಲ. ಕೊಪ್ಪಳದಿಂದ ಗಂಟೆ, ಗಂಟೆಕಾಲಿನ ದಾರಿ. ಐವತ್ತು ರೂಪಾಯಿ ನೋಟಿನ ಮೇಲೆ ಕಲ್ಲಿನ ರಥ ಇದೆ, ಅದನ್ನು ಸೆರಗಿನ ಗಂಟಲ್ಲಿ ಕಟ್ಟಿಕೊಂಡು ಓಡಾಡಿದ್ದಾಳೆಯೇ ಹೊರತು ರಥ ಕಂಡಿರಲಿಲ್ಲ.

ಹೋದ ತಿಂಗಳು ಒಂದು ಟ್ರಾವೆಲ್ಸ್‌ನವರು "ಮುಂಜಾನೆ ಹಂಪಿ, ಗೈಡ್ ಸಮೇತ, ತಲೆಗೆ 900" ಅಂತ ಪಾಂಪ್ಲೆಟ್ ಹಂಚಿದರು. ಅದು ಜೆರಾಕ್ಸ್ ಆದದ್ದು ನನ್ನ ಅಂಗಡಿಯಲ್ಲೇ, ಹಾಗಾಗಿ ಮೊದಲ ಗಿರಾಕಿ ನಾನೇ ಆದೆ ಅನ್ನಿ. ಅವ್ವ, ನಾನು, ಏಳನೇ ಕ್ಲಾಸಿನ ಮಗಳು. ನಾಲ್ಕೂವರೆಗೆ ಗಾಡಿ ಅಂದಿದ್ದಕ್ಕೆ ಅವ್ವ ಎರಡೂವರೆಗೇ ಎದ್ದು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಬುತ್ತಿ ಕಟ್ಟಿದ್ದಳು. ಹೊಸ ಇಳಕಲ್ ಸೀರೆ ಬೇರೆ. ಕತ್ತಲಲ್ಲಿ ಹುಲಿಗಿ ಕಡೆಗೆ ಕೈ ಮುಗಿದಳು. ಎಲ್ಲಾ ಚೆನ್ನಾಗಿತ್ತು.

ಆಮೇಲೆ ದಾರಿಯಲ್ಲಿ ಒಂದು ಕಡೆ ನಿಲ್ಲಿಸಿದರು. ಶೌಚಾಲಯಕ್ಕೆ ಬೀಗ. ಬೆಳಗಿನ ಐದೂಕಾಲು, ಗಾಡಿಯಲ್ಲಿ ಎಂಟು ಜನ ಹೆಂಗಸರು. ಗಂಡಸರು ಗಿಡದ ಕಡೆ ಹೋದರು, ಹೆಂಗಸರು ಸುಮ್ನೆ ವಾಪಸ್ ಬಂದು ಕೂತರು. ಮುಂದಿನ ಎರಡು ತಾಸು ಯಾರೂ ನೀರು ಕುಡಿಯಲಿಲ್ಲ. ಇದಕ್ಕಿಂತ ಜಾಸ್ತಿ ಬರೆಯಲ್ಲ, ನಿಮ್ಮ ಮನೆಯಲ್ಲೂ ತಾಯಂದಿರಿದ್ದಾರೆ.

ಮತಂಗ ಗುಡ್ಡದ ಮೇಲಿಂದ ಸೂರ್ಯೋದಯ ತೋರಿಸುವುದು ಈ ಟ್ರಿಪ್ಪಿನ ದೊಡ್ಡ ಆಕರ್ಷಣೆ. ನಾನು ಹತ್ತಿದೆ, ಮಗಳು ನನಗಿಂತ ಮುಂಚೆ ಹತ್ತಿದಳು. ಸುಳ್ಳು ಹೇಳಬಾರದು, ಆ ನೋಟ ನೋಡಬೇಕಾದ್ದೇ. ಬಂಡೆಗಳು ಒಂದೊಂದೇ ಕತ್ತಲಿಂದ ಎದ್ದು ಬರುತ್ತವೆ, ಕೆಳಗೆ ತುಂಗಭದ್ರೆ, ಆಚೆ ದಡದಲ್ಲಿ ನಮ್ಮದೇ ಜಿಲ್ಲೆಯ ಆನೆಗೊಂದಿ. ಆದರೆ ಅವ್ವ ಮತ್ತೆ ಇನ್ನಿಬ್ಬರು ಹಿರಿಯರು ಕೆಳಗೆ ಗಾಡಿಯಲ್ಲೇ ಕೂತಿದ್ದರು. "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಅಂತ ನಮ್ಮ ಕಡೆ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಅವ್ವನ ಮೊಣಕಾಲು ನೋಡಿಯೇ ಕಟ್ಟಿರಬೇಕು ಅನ್ನಿಸಿತು.

ಗೈಡ್ ಹುಡುಗ ಕೆಟ್ಟವನಲ್ಲ. ಚೆನ್ನಾಗಿ ಓದಿಕೊಂಡಿದ್ದ. ಗಾಡಿಯಲ್ಲಿ ಹೊರಗಿನವರೇ ಜಾಸ್ತಿ ಇದ್ದದ್ದರಿಂದ ಎಲ್ಲಾ ಇಂಗ್ಲಿಷಿನಲ್ಲಿ, ಆಮೇಲೆ ಅದೇ ಹಿಂದಿಯಲ್ಲಿ. ನನ್ನ ಕಡೆ ತಿರುಗಿ "ಅಮ್ಮಂಗೆ ನೀವು ಹೇಳ್ಬಿಡಿ ಸರ್" ಅಂದ. ಚಹಾ ಅಂಗಡಿಯಲ್ಲಿ ಮಾತ್ರ ಅಚ್ಚ ಕನ್ನಡ! ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ತೋರಿಸಿದ. ಸಣ್ಣ ತೂತಿನಿಂದ ಬೆಳಕು ಬಂದರೆ ಹಾಗಾಗುತ್ತೆ ಅಂತ ಮಗಳೇ ಅಜ್ಜಿಗೆ ಬಿಡಿಸಿ ಹೇಳಿದಳು. ಉಗ್ರನರಸಿಂಹ, ಬಡವಿಲಿಂಗ, ಕಮಲ ಮಹಲ್, ಆನೆ ಲಾಯ, ಒಂದೊಂದಕ್ಕೂ ಹತ್ತು ನಿಮಿಷ. ಇಳಿ, ಫೋಟೊ ತೆಗೆ, ಹತ್ತು.

ಮಹಾನವಮಿ ದಿಬ್ಬದ ಹತ್ತಿರ ಅವ್ವ ನಿಂತುಬಿಟ್ಟಳು. ದಿಬ್ಬ ನೋಡಿ ಅಲ್ಲ. ಅಲ್ಲಿ ಕಲ್ಲಿನ ಕಂಬಗಳ ಮೇಲೆ ನೀರಿನ ಕಾಲುವೆ ಹರಿದು ಹೋಗಿರುವುದು ಕಾಣುತ್ತೆ, ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಪ್ಪು ಕಲ್ಲಿನ ಪುಷ್ಕರಣಿ. ಅವ್ವ ಕೇಳಿದಳು: "ಈ ನೀರು ಎಲ್ಲಿಂದ ಬರತಿತ್ತು? ಯಾರ ಹೊಲಕ್ಕ ಹೋಗತಿತ್ತು? ಈ ಕಲ್ಲು ಕಡದವರು ಎಲ್ಲಿ ಇರತಿದ್ರು?"

ಮೂರು ಪ್ರಶ್ನೆ. ಹುಡುಗ ಗಡಿಯಾರ ನೋಡಿಕೊಂಡ. ವಿಠಲ ದೇವಸ್ಥಾನದ ಬ್ಯಾಟರಿ ಗಾಡಿಗೆ ಕ್ಯೂ ಜಾಸ್ತಿ ಆಗುತ್ತೆ ನಡೀರಿ ಅಂದ.

ಊರಿಗೆ ಬಂದ ಮೇಲೆ ನಾನೇ ಅಂಗಡಿಗೆ ಬರುವ ಕಾಲೇಜು ಮೇಷ್ಟ್ರೊಬ್ಬರನ್ನು ಹಿಡಿದು ಕೇಳಿದೆ. ಆ ಪುಷ್ಕರಣಿ 1980ರ ದಶಕದ ತನಕ ಮಣ್ಣಿನಡಿಯೇ ಇತ್ತಂತೆ. ಅದರ ಒಂದೊಂದು ಕಲ್ಲಿನ ಮೇಲೂ ಇದು ಯಾವ ದಿಕ್ಕಿನದು, ಎಷ್ಟನೇ ಸಾಲಿನದು ಅಂತ ಗುರುತು ಕೆತ್ತಿದ್ದಾರಂತೆ. ಅಂದರೆ ಕಲ್ಲನ್ನು ಬೇರೆ ಕಡೆ ಕಡೆದು ತಂದು, ಗುರುತು ನೋಡಿಕೊಂಡು ಇಲ್ಲಿ ಜೋಡಿಸಿದ್ದಾರೆ. ಇನ್ನು ನೀರು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ, ತುರ್ತು ಅನ್ನೋ ಹೆಸರಿನ ಕಾಲುವೆ ಇವತ್ತಿಗೂ ಹರಿಯುತ್ತೆ, ಹಂಪಿ ಸುತ್ತಿನ ಬಾಳೆ ತೋಟಗಳಿಗೆ ಇವತ್ತಿಗೂ ನೀರು ಕೊಡುತ್ತೆ. 1565ರ ಯುದ್ಧದಲ್ಲಿ ರಾಜಧಾನಿ ಹಾಳಾಯಿತು, ಅರಮನೆ ಹೋಯಿತು, ಕಾಲುವೆ ಉಳಿಯಿತು. ಅವ್ವನಿಗೆ ಹೇಳಿದೆ. "ಹಂಗಾರ ಅದನ್ನ ತೋರಿಸಬೇಕಿತ್ತು" ಅಂದಳು. ನಂಗೂ ಹಾಗೇ ಅನ್ನಿಸಿತು. ಕಲ್ಲಿನ ರಥದ ಮುಂದೆ ಅರ್ಧ ತಾಸು ಫೋಟೊಗೆ ನಿಂತಿದ್ದೆವು, ಅದನ್ನು ನೋಟಿನ ಮೇಲೆ ದಿನಾ ನೋಡ್ತೀವಿ.

ರಾತ್ರಿ ವಾಪಸ್ ಬರುವಾಗ ಅವ್ವ ಇನ್ನೊಂದು ಮಾತು ಕೇಳಿದಳು. "ನಮ್ಮ ಕಡೆ ಇಂಥಾದ್ದು ಏನೂ ಇಲ್ಲೇನು?"

ಸಾಹೇಬ್ರೆ, ಈ ಪತ್ರ ಹುಟ್ಟಿದ್ದು ಅಲ್ಲಿ.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ನೀವೂ ಬರುತ್ತೀರಿ, ನಿಮ್ಮ ಫ್ಲೆಕ್ಸೂ ಬರುತ್ತೆ. ಅದೇ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇದೆ, 2,200 ವರ್ಷಕ್ಕೂ ಹಳೆಯದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಪಾಲ್ಕಿಗುಂಡಿನಲ್ಲಿ ಇನ್ನೊಂದು. ಒಂದೇ ಊರಲ್ಲಿ ಎರಡು! ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ "ಅಶೋಕ" ಅನ್ನುವ ಹೆಸರೇ ಇತ್ತು, ಬೇರೆ ಶಾಸನಗಳಲ್ಲಿ ದೇವಾನಾಂಪ್ರಿಯ ಅನ್ನುವ ಬಿರುದಿನಿಂದ ಬರುವ ರಾಜ ಅಶೋಕನೇ ಅಂತ ಗಟ್ಟಿಯಾದದ್ದು ಅದರಿಂದ. ನಮ್ಮ ಗವಿಮಠದ ಶಾಸನದಲ್ಲಿ ಏನಿದೆ ಗೊತ್ತಾ? ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಆಯಿತು, ಆದರೆ ಮೊದಲ ಒಂದು ವರ್ಷ ಹೆಚ್ಚು ಪ್ರಯತ್ನವನ್ನೇ ಮಾಡಲಿಲ್ಲ ಅಂತ ಚಕ್ರವರ್ತಿ ತಾನೇ ಹೇಳಿಕೊಂಡಿದ್ದಾನೆ. ಈ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಅಂತಲೂ ಇದೆ. ಅಧಿಕಾರದಲ್ಲಿದ್ದವರು "ಒಂದು ವರ್ಷ ಸರಿಯಾಗಿ ಕೆಲಸ ಮಾಡಲಿಲ್ಲ" ಅಂತ ಬಂಡೆ ಮೇಲೆ ಕೆತ್ತಿಸಿದ್ದನ್ನು ಆಮೇಲೆ ಎಲ್ಲಾದರೂ ಕಂಡಿದ್ದೀರಾ? ತಪ್ಪು ತಿಳಿಯಬೇಡಿ, ಸುಮ್ನೆ ಕೇಳಿದೆ.

ಇನ್ನು ಇಟಗಿ. ಕಲ್ಯಾಣದ ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಶಾಸನ ಅದನ್ನು "ದೇವಾಲಯ ಚಕ್ರವರ್ತಿ" ಅಂತ ಕರೆದಿದೆ. ತಂದೆಯ ಹೆಸರಲ್ಲೊಂದು, ತಾಯಿಯ ಹೆಸರಲ್ಲೊಂದು ಗುಡಿಯನ್ನೂ ಅಲ್ಲೇ ಕಟ್ಟಿಸಿದ. ನಾನು ಹತ್ತನೇ ಕ್ಲಾಸಿನಲ್ಲಿ ಶಾಲೆಯ ಟ್ರಿಪ್ಪಿಗೆ ಹೋಗಿದ್ದೆ, ಮಧ್ಯಾಹ್ನ ಎರಡು ಗಂಟೆಗೆ, ಏಪ್ರಿಲ್ ಬಿಸಿಲಲ್ಲಿ. ನೆನಪಿರೋದು ಕಾಲು ಸುಟ್ಟಿದ್ದು ಒಂದೇ. ಎರಡು ವರ್ಷದ ಹಿಂದೆ ಬೆಳಗ್ಗೆ ಏಳಕ್ಕೆ ಬೈಕಲ್ಲಿ ಹೋದಾಗ ಅದೇ ಗುಡಿ ಬೇರೆಯೇ ಕಂಡಿತು. ಗುಡಿಯ ಮುಖ ಪೂರ್ವಕ್ಕಿದೆ. ಎದುರಿನ ತೆರೆದ ಮಂಟಪದ ತುಂಬ ಕಂಬ, ಎಳೆ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತೆ, ಬಳಪದ ಕಲ್ಲಿನ ಕೆತ್ತನೆಯಲ್ಲಿ ಒಂದೊಂದು ಎಳೆಗೂ ನೆರಳು ಬೀಳುತ್ತೆ. ತಾಸು ಹೊತ್ತು, ಅಷ್ಟೇ. ಬಿಸಿಲು ಮೇಲೇರಿದರೆ ಎಲ್ಲಾ ಚಪ್ಪಟೆಯಾಗಿ ಕಾಣುತ್ತೆ. ಬೆಳಗಿನ ಬಸ್ಸೇ ಬೇಕು ಅಂತ ಹಟ ಮಾಡುತ್ತಿರುವುದು ಇದಕ್ಕೆ. ಎಲ್ಲಕ್ಕಿಂತ ಮುಖ್ಯ, ಇಟಗಿಯಲ್ಲಿ ಹತ್ತೋಕೆ ಗುಡ್ಡ ಇಲ್ಲ. ನಮ್ಮವ್ವ ನಡೆದೇ ನೋಡಬಹುದು.

ಅಲ್ಲಿಂದ ಕುಕನೂರು ಹತ್ತಿರವೇ. ಒಂಬತ್ತು ಗುಡಿ ಒಟ್ಟಿಗಿರುವ ನವಲಿಂಗ, ರಾಷ್ಟ್ರಕೂಟರ ಕಾಲದ್ದು. ಇಟಗಿಗಿಂತ 200 ವರ್ಷಕ್ಕೂ ಹಿಂದಿನದು. ಎರಡನ್ನೂ ಒಂದೇ ಮುಂಜಾನೆ ನೋಡಿದರೆ ಕಲ್ಲುಕುಟಿಗರ ಕೈ ಹೇಗೆ ಪಳಗುತ್ತಾ ಬಂತು ಅನ್ನೋದು ಪಾಠ ಮಾಡದೆಯೇ ಗೊತ್ತಾಗುತ್ತೆ.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಭಾನುವಾರ ಐದೂವರೆಗೆ ಕೊಪ್ಪಳ ಬಸ್ ಸ್ಟ್ಯಾಂಡಿನಿಂದ ಹೊರಡಲಿ. ಏಳರ ಆಸುಪಾಸಿಗೆ ಇಟಗಿ. ಆಮೇಲೆ ಕುಕನೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ನವಲಿಂಗ. ವಾಪಸ್ ಬಂದು ಗವಿಮಠ. ಬೆಟ್ಟ ಹತ್ತಲು ಆಗದವರಿಗೆ ಕೆಳಗೇ ಶಾಸನದ ಪಡಿಯಚ್ಚು ಇರಲಿ, ಪಕ್ಕದಲ್ಲಿ ಅವ್ವನಂಥವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಕನ್ನಡ ಅರ್ಥ ಇರಲಿ. ಮಧ್ಯಾಹ್ನ ಒಂದು ಗಂಟೆ ಹೊಡೆಯೋದರೊಳಗೆ ಎಲ್ಲರೂ ಮನೆಗೆ. ಮಧ್ಯಾಹ್ನ ನಾನು ಅಂಗಡಿ ತೆಗೆಯಬಹುದು, ಕೂಲಿಯವರಿಗೆ ಅರ್ಧ ದಿನ ಉಳಿಯುತ್ತೆ. ಬಿಟ್ಟಿ ಬೇಡ, ಟಿಕೆಟ್ ಇಡಿ, ಕೊಡುತ್ತೇವೆ. ಮಳೆಗಾಲದಲ್ಲಿ ಜೋಗ ನೋಡೋಕೆ ಸರ್ಕಾರಿ ಪ್ಯಾಕೇಜ್ ಬಸ್ ಬಿಡುತ್ತಾರಲ್ಲ, ಅದೇ ಲೆಕ್ಕ.

ಶೌಚಾಲಯದ ಬೀಗ ಬೆಳಗ್ಗೆ ಬಸ್ ಹೊರಡುವ ಮುಂಚೆ ತೆಗೆದಿರಬೇಕು. ಇದನ್ನು ನಾನು ಬೇರೆ ಸಾಲಾಗಿ ಬರೆಯುತ್ತಿದ್ದೇನೆ, ಬೇಕಂತಲೇ.

ಗೈಡ್ ಕನ್ನಡದಲ್ಲಿ ಹೇಳಬೇಕು. ಇದು ಭಾಷಾಭಿಮಾನದ ಭಾಷಣ ಅಲ್ಲ. ಕವಿರಾಜಮಾರ್ಗ ಒಂಬತ್ತನೇ ಶತಮಾನದಲ್ಲೇ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ ನಾಡು ಎಲ್ಲಿದೆ ಅಂತ ನಾಲ್ಕು ಊರು ಹೆಸರಿಸಿತು. ಕಿಸುವೊಳಲು, ಪುಲಿಗೆರೆ, ಒಂಕುಂದ, ಮತ್ತೆ ಕೊಪಣ. ಆ ಕೊಪಣವೇ ನಮ್ಮ ಕೊಪ್ಪಳ. ಅಂಥ ಊರಿಂದ ಹೊರಟ ಗಾಡಿಯಲ್ಲಿ ಅವ್ವನಿಗೆ ಕನ್ನಡದಲ್ಲಿ ಹೇಳುವವರು ಇರಲಿಲ್ಲ, ಅಷ್ಟೇ ನನ್ನ ಸಂಕಟ. ಇತಿಹಾಸದಲ್ಲಿ ಎಂ.ಎ. ಮಾಡಿದ ಹುಡುಗ ಹುಡುಗಿಯರು ನನ್ನ ಅಂಗಡಿಗೆ ದಿನಾ ಬಯೋಡಾಟ ಪ್ರಿಂಟ್ ತೆಗೆಸೋಕೆ ಬರುತ್ತಾರೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ 1991ರಿಂದ ಇದೆ, ತರಬೇತಿ ಕೊಡಿ ಅಂದರೆ ಬೇಡ ಅನ್ನುತ್ತಾರಾ? ನಾಲ್ಕೈದು ಜನಕ್ಕೆ ತರಬೇತಿ, ದಿನದ ಲೆಕ್ಕದಲ್ಲಿ ಗೌರವದ ಸಂಬಳ. ರಾಜರ ಕತೆ ಜೊತೆಗೆ ಕಲ್ಲು ಕಡೆದವರದ್ದು, ಕೆರೆ ತೋಡಿದವರದ್ದೂ ಹೇಳಲಿ. ದುಡ್ಡಿಗೆ ಶಾಸಕರ ನಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಒಂದು ಸ್ವಾಗತ ಕಮಾನಿಗೆ ಹಾಕುವಷ್ಟನ್ನು ಇದಕ್ಕೆ ಹಾಕಿದರೆ ಎಷ್ಟು ಭಾನುವಾರ ಬಸ್ ಓಡುತ್ತೆ ಅಂತ ನೀವೇ ಲೆಕ್ಕ ಹಾಕಿ.

ಜನ ಬರಲ್ಲ ಅನ್ನಬೇಡಿ. ಮೊದಲ ನಾಲ್ಕು ವಾರ ಬಸ್ ತುಂಬಿಸುವ ಜವಾಬ್ದಾರಿ ನಮ್ಮ ಓಣಿಯದ್ದು. ಕಾಲು ಗಟ್ಟಿ ಇರುವ ಹುಡುಗರಿಗೆ ಆಮೇಲೆ ಹಿರೇಬೆಣಕಲ್ ಕಡೆ ಒಂದು ಬಸ್ ಬಿಡಿ, ಗುಡ್ಡದ ಮೇಲೆ ಬೃಹತ್ ಶಿಲಾಯುಗದ, ಮನೆಯಂತೆ ಕಾಣುವ ಕಲ್ಲಿನ ಸಮಾಧಿಗಳಿವೆ, ಕಲ್ಲಿನ ನಗಾರಿ ಇದೆ, ಹೊಡೆದರೆ ನಗಾರಿ ಥರಾನೇ ಸದ್ದು. ಕನಕಗಿರಿಯನ್ನೂ ಸೇರಿಸಿ, ಗಾದೆಯ ಮಾನ ಉಳಿಯಲಿ. ಕುಷ್ಟಗಿ ಶಾಸಕರು ನಮ್ಮ ಕ್ಷೇತ್ರದ್ದೇ ಹೆಸರಿಲ್ಲ ಅಂತ ಬೇಜಾರಾಗಬೇಡಿ, ನಿಮ್ಮ ಕಡೆ ಏನು ತೋರಿಸಬೇಕು ಅಂತ ನೀವೇ ಹೇಳಿ, ಸೇರಿಸೋಣ.

ಮೊದಲ ಭಾನುವಾರ ನೀವು ಐವರೂ ಬನ್ನಿ. ಬೇರೆ ಬೇರೆ ಕಾರಲ್ಲಿ ಅಲ್ಲ, ಅದೇ ಬಸ್ಸಲ್ಲಿ. ಬುತ್ತಿ ನಮ್ಮವ್ವ ಕಟ್ಟುತ್ತಾಳೆ, ಈಗಲೇ ಒಪ್ಪಿದ್ದಾಳೆ. ಆದರೆ ಕಿಟಕಿ ಪಕ್ಕದ ಸೀಟು ಮಾತ್ರ ಬಿಟ್ಟುಕೊಡಲ್ಲವಂತೆ.

ನಿಯಮದ ಪ್ರಕಾರದ ಅರ್ಜಿಯನ್ನೂ ಬೇರೆಯಾಗಿ ಟೈಪ್ ಮಾಡಿದ್ದೇನೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಲ್ಲಾ ಇದೆ. ಐದು ಪ್ರತಿ. ಸೋಮವಾರ ತಂದು ಕೊಡುತ್ತೇನೆ, ಸ್ವೀಕೃತಿ ಸೀಲ್ ಹಾಕಿಸಿ ಕೊಡಿ.

ಇಂತಿ,
ಕೊಪ್ಪಳದ ಒಬ್ಬ ಜೆರಾಕ್ಸ್ ಅಂಗಡಿಯವನು