ಮಂಗಳೂರಿಗೇ ಅಂತ ಎರಡು ದಿನ ಇಟ್ಟುಕೊಳ್ಳಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬಂತು. ಘಟ್ಟದ ಮೇಲಿನಿಂದ ಕಾರು, ಟೆಂಪೊಗಳು ಸಾಲುಸಾಲಾಗಿ ಇಳಿಯುವ ಕಾಲ. ಕುಕ್ಕೆ, ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರು ಅಂತ ಪಟ್ಟಿ ಇರುತ್ತದೆ. ಮಂಗಳೂರಿನ ಪಾಲಿಗೆ ಉಳಿಯುವುದು ಲಾಡ್ಜಿನಲ್ಲಿ ಒಂದು ರಾತ್ರಿ, ಪಣಂಬೂರಿನಲ್ಲಿ ಒಂದು ಸಂಜೆ, ಒಂದು ಗಡ್‌ಬಡ್ ಐಸ್‌ಕ್ರೀಂ. ನಾನು ದಾವಣಗೆರೆ ಕಡೆಯವನು. ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದೆ, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ನಮ್ಮ ಕಡೆಯವರಿಗೆ ನನ್ನದೊಂದು ಮಾತು: ಈ ಊರನ್ನೇ ನೋಡಲು ಬನ್ನಿ.

ಬೆಳಗ್ಗೆ ಬೇಗ ಎದ್ದು ಹಳೇ ಬಂದರಿನಲ್ಲಿ ಮೀನು ಇಳಿಸುವ ದಕ್ಕೆಗೆ ಹೋಗಿ. ನಾನು ಮೀನು ತಿನ್ನುವವನಲ್ಲ, ಆದರೂ ಹೋಗುತ್ತೇನೆ. ಬಂಗುಡೆ, ಬೂತಾಯಿ, ಅಂಜಲ್ ಬುಟ್ಟಿ ಬುಟ್ಟಿ ಇಳಿಯುತ್ತಿರುತ್ತದೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ನೀವು ಏನಾದರೂ ಕೇಳಿದರೆ ತಕ್ಷಣ ಕನ್ನಡಕ್ಕೆ ಬರುತ್ತಾರೆ. ಅಲ್ಲೇ ಬಂದರಿನ ಗಲ್ಲಿಯಲ್ಲಿ ಝೀನತ್ ಬಕ್ಷ್ ಮಸೀದಿ ಇದೆ. ಕೇಳಿಕೊಂಡು ಒಳಗೆ ಹೋಗಿ. ಮರದ ಕಂಬಗಳ ಕೆತ್ತನೆ ನೋಡಿದರೆ ಮಲೆನಾಡಿನ ಹಳೇ ತೊಟ್ಟಿಮನೆ ನೆನಪಾಗುತ್ತದೆ.

ಕದ್ರಿಗೆ ಹೋದವರು ಮಂಜುನಾಥನಿಗೆ ಕೈಮುಗಿದು ಹೊರಟುಬಿಡುತ್ತಾರೆ. ಸ್ವಲ್ಪ ನಿಲ್ಲಿ. ಅಲ್ಲೇ ಲೋಕೇಶ್ವರನ ಲೋಹದ ವಿಗ್ರಹ ಇದೆ. ಮೂರು ಮುಖ, ಆರು ಕೈ. ಅಳುಪ ರಾಜ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು ಅಂತ ಪೀಠದ ಶಾಸನ ಹೇಳುತ್ತದೆ. ಇದು ಬೌದ್ಧರ ಅವಲೋಕಿತೇಶ್ವರ ಎನ್ನುವ ವಿದ್ವಾಂಸರಿದ್ದಾರೆ. ಗುಡ್ಡ ಹತ್ತಿದರೆ ನಾಥಪಂಥದ ಜೋಗಿಮಠ. ಬುದ್ಧ, ಶಿವ, ನಾಥರು ಒಂದೇ ಗುಡ್ಡದಲ್ಲಿ! ಸಾವಿರ ವರ್ಷ ದಾಟಿದ ಆ ಮೂರ್ತಿಯ ಮುಂದೆ ಐದು ನಿಮಿಷವಾದರೂ ಬೇಡವೇ?

ಸಂತ ಅಲೋಶಿಯಸ್ ಚಾಪೆಲ್ ತಪ್ಪಿಸಬೇಡಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಇಲ್ಲಿ ಕೂತು ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿದರು. ಬಹಳಷ್ಟು ಚಿತ್ರಗಳನ್ನು ಹಸಿ ಗಾರೆಯ ಮೇಲೇ ಬರೆದಿದ್ದಾರೆ. ಗಾರೆ ಒಣಗುವ ಮೊದಲು ಬಣ್ಣ ಹಚ್ಚಿ ಮುಗಿಸಬೇಕು, ಆಮೇಲೆ ತಿದ್ದುವುದು ಕಷ್ಟ. ಕರಾವಳಿಯ ಮಳೆಯಲ್ಲಿ ಆ ಕೆಲಸ ಹೇಗೆ ಮಾಡಿದರೋ! ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ತಲೆಯೆತ್ತಿ ನೋಡಲು ಹೇಳಿ.

ಪತ್ರಿಕೆ ಓದುವವರು ಬಲ್ಮಠದ ಕಡೆಗೂ ಬರಲೇಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಈ ಊರಿನಲ್ಲೇ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ತುಳುನಾಡಿನಲ್ಲಿ ಕೂತು ಕನ್ನಡಕ್ಕೆ ಇಷ್ಟು ಕೆಲಸ ನಡೆದಿದೆ. ನಮ್ಮ ಕಡೆ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ ಎಂಬುದು ನನಗೆ ಬೇಸರ.

ದಸರಾ ಹೊತ್ತಿಗೇ ಬಂದರೆ ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನಕ್ಕೆ ಹೋಗಿ. ತಮ್ಮನ್ನು ಗುಡಿಯೊಳಗೆ ಬಿಡದ ಕಾಲದಲ್ಲಿ ಇಲ್ಲಿನ ಬಿಲ್ಲವ ಸಮುದಾಯದವರು ತಮ್ಮದೇ ಗುಡಿ ಕಟ್ಟಿದರು, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದರು. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದೂ ಇದೇ ಕ್ಷೇತ್ರ. ಬೀದಿಯಲ್ಲಿ ತಾಸೆ ವಾದ್ಯದ ಪೆಟ್ಟಿಗೆ ಪಿಲಿವೇಷದವರು, ಅಂದರೆ ಹುಲಿವೇಷದವರು, ಕುಣಿಯುವಾಗ ಸುಮ್ನೆ ನಿಲ್ಲಲು ಆಗುವುದಿಲ್ಲ.

ಊಟದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನೀರುದೋಸೆ, ಗೋಳಿಬಜೆ, ಬನ್ಸ್, ಕೋಳಿ ತಿನ್ನುವವರಿಗೆ ಕೋರಿರೊಟ್ಟಿ. ಸೆಖೆ ಇರುತ್ತದೆ, ಹತ್ತಿ ಬಟ್ಟೆ ತನ್ನಿ. ಬೀಚಿಗೆ ಹೋಗುವವರು ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗಬಹುದು.

ಸಂಪಾದಕರಲ್ಲಿ ಒಂದು ಕೋರಿಕೆ. ರಜೆಯ ಪುರವಣಿಯಲ್ಲಿ ಕರಾವಳಿ ಎಂದರೆ ಬೀಚಿನ ಫೋಟೊಗಳೇ ಜಾಸ್ತಿ ಇರುತ್ತವೆ. ಈ ಸಲ ಬಂದರು, ಕದ್ರಿ, ಬಲ್ಮಠಕ್ಕೂ ಒಂದು ಪುಟ ಕೊಡಿ.

– ನಿವೃತ್ತ ಬ್ಯಾಂಕ್ ನೌಕರ, ಮಣ್ಣಗುಡ್ಡ, ಮಂಗಳೂರು