ತಮ್ಮನಿಗೆ ಒಂದು ಕೋಣೆ ಸಿಕ್ಕರೆ ಅಕ್ಕ ಶಾಲೆಗೆ ಹೋಗುತ್ತಾಳೆ

ಎಲ್ಲರಿಗೂ ನಮಸ್ಕಾರ.

ದುಡ್ಡು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ವರ್ತೂರು, ವೈಟ್‌ಫೀಲ್ಡ್ ಕಡೆ ಹೋದವರು ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಬೆನ್ನಿಗೇ ಕಟ್ಟಡ ಕೂಲಿಯವರ, ನೀಲಿ ತಾಡಪಾಲು ಹೊದಿಸಿದ ಶೆಡ್ಡುಗಳನ್ನು ನೋಡಿರುತ್ತೀರಿ. ಆ ಶೆಡ್ಡುಗಳ ಸಣ್ಣ ಮಕ್ಕಳು ಹಗಲು ಹೊತ್ತು ಇರಲಿ ಅಂತ ನಮ್ಮ ಟ್ರಸ್ಟ್ ಒಂದು ಕೋಣೆ ನಡೆಸುತ್ತಿದೆ. ಅದು ತುಂಬಿಹೋಗಿದೆ. ಇನ್ನೊಂದು ತೆರೆಯಬೇಕು.

ಮಕ್ಕಳ ಓದಿಗೆ ಅಂದರೆ ಜನ ಕೊಡುತ್ತಾರೆ, ಕೂಸು ಆಡಿಸುವ ಕೋಣೆಗೆ ಯಾರು ಕೊಡುತ್ತಾರೆ ಅಂತ ನಮ್ಮ ಹಿತೈಷಿಗಳೇ ಕೆಲವರು ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಕೋಣೆಯೇ ಓದಿನ ಕೆಲಸ. ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ದಯವಿಟ್ಟು ಪೂರ್ತಿ ಓದಿ.

ಇಲ್ಲಿರುವವರಲ್ಲಿ ಜಾಸ್ತಿ ಜನ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಸುರಪುರ, ಶಹಾಪುರ, ದೇವದುರ್ಗ, ಲಿಂಗಸುಗೂರು, ಈ ಹೆಸರುಗಳು ದಿನಾ ಕೇಳುತ್ತವೆ. ಊರಲ್ಲಿ ಎರಡು ಎಕರೆ ಒಣಭೂಮಿ, ಅದರಲ್ಲಿ ತೊಗರಿ, ಹತ್ತಿ. ಕೃಷ್ಣಾ ನದಿ ಪಕ್ಕದಲ್ಲೇ ಹರಿದರೂ ಎಲ್ಲರ ಹೊಲಕ್ಕೂ ಕಾಲುವೆ ನೀರು ಬರುವುದಿಲ್ಲ. ಮಳೆ ಕೈ ಕೊಟ್ಟ ವರ್ಷ ಸಾಲ ಏರುತ್ತದೆ, ಮೇಸ್ತ್ರಿ ಮುಂಗಡ ಕೊಡುತ್ತಾನೆ, ಗಂಡ ಹೆಂಡತಿ ಮಕ್ಕಳು ಪಾತ್ರೆ ಪಗಡೆ ಸಮೇತ ಬಸ್ಸು ಹತ್ತುತ್ತಾರೆ. ಗುಳೆ ಹೋಗುವುದು ಅಂತ ಅವರು ಹೇಳುವುದು ಇದನ್ನೇ.

ಮಕ್ಕಳ ಓದು ತಪ್ಪುವುದು ಇಲ್ಲಿಂದಲೇ. ಶಾಲೆ ಶುರುವಾಗುವುದು ಮೇ ಕೊನೆಗೆ ಅಥವಾ ಜೂನ್‌ಗೆ. ಇವರು ಊರು ಬಿಡುವುದು ದಸರಾ, ದೀಪಾವಳಿ ಕಳೆದ ಮೇಲೆ. ಬಿತ್ತನೆಗೆ ಕೆಲವರು ಕಾರಹುಣ್ಣಿಮೆ ಹೊತ್ತಿಗೆ ವಾಪಸ್ ಹೋಗುತ್ತಾರೆ, ಕೆಲವರು ಪಂಚಮಿಗೋ ಜಾತ್ರೆಗೋ ನಾಲ್ಕು ದಿನ ಹೋಗಿ ಬರುತ್ತಾರೆ, ಅಷ್ಟೇ. ಊರಿನ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಇರುತ್ತದೆ, ಮಗು ಮಾತ್ರ ವರ್ತೂರಿನ ಶೆಡ್ಡಿನಲ್ಲಿ ಇರುತ್ತದೆ.

ಕಾನೂನು ಇವರ ಪರವಾಗಿಯೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಯಾವ ಮಗುವನ್ನೂ ಟಿಸಿ ಬಂದಿಲ್ಲ ಅಂತಲೋ, ವಯಸ್ಸಿನ ದಾಖಲೆ ಇಲ್ಲ ಅಂತಲೋ ಶಾಲೆಯವರು ವಾಪಸ್ ಕಳಿಸುವ ಹಾಗಿಲ್ಲ. ಓದು ಅರ್ಧಕ್ಕೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ಪಾಠ ಕೊಡಬೇಕು. ನಾವು ಹೋದ ಸರ್ಕಾರಿ ಶಾಲೆಗಳಲ್ಲಿ ಹೆಚ್ಚಿನ ಮುಖ್ಯ ಶಿಕ್ಷಕರು ಒಳ್ಳೆಯ ಮನಸ್ಸಿನವರು. ಊರಿನ ಶಾಲೆಗೆ ಅವರೇ ಫೋನ್ ಮಾಡಿ ಮಗುವಿನ ದಾಖಲಾತಿ ನಂಬರ್ ತರಿಸಿಕೊಳ್ಳುತ್ತಾರೆ. ಮಾತೃಭಾಷೆ ಕನ್ನಡವೇ ಆದ್ದರಿಂದ ಈ ಮಕ್ಕಳು ತರಗತಿಯಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಬಿಸಿಯೂಟ ಇದೆ, ಹಾಲಿದೆ, ಮೊಟ್ಟೆ ಇದೆ. ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾಗಿದ್ದೇ ಇವರ ಕಡೆಯ ಜಿಲ್ಲೆಗಳಲ್ಲಿ, ಇವರಿಗೇನೂ ಹೊಸದಲ್ಲ.

ಸೀಟು ಇದೆ, ಪುಸ್ತಕ ಇದೆ, ಊಟ ಇದೆ. ಆದರೂ ಹುಡುಗಿ ಬರುವುದಿಲ್ಲ.

ಯಾಕೆ ಅಂತ ಕೇಳಿಕೊಂಡು ಶೆಡ್ಡಿಗೆ ಹೋದರೆ ಬರುವ ಉತ್ತರ ಒಂದೇ. "ಇಕಿ ಸಾಲಿಗೆ ಹ್ವಾದ್ರ ಕೂಸಿನ್ನ ಯಾರು ನೋಡ್ತಾರ್ರೀ ಅಕ್ಕಾರ? ನಾ ಕೆಲಸಕ್ಕ ಹ್ಯಾಂಗ ಹೋಗ್ಲಿ?"

ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಒಬ್ಬರ ಕೂಲಿಯಲ್ಲಿ ಶೆಡ್ಡಿನ ಜಾಗದ ಬಾಡಿಗೆ, ನೀರಿನ ದುಡ್ಡು, ಮೇಸ್ತ್ರಿಯ ಮುಂಗಡ ತೀರುವುದಿಲ್ಲ, ತಾಯಿಯೂ ದುಡಿಯಲೇಬೇಕು. ಅಜ್ಜಿ ಊರಲ್ಲಿ ಉಳಿದಿರುತ್ತಾಳೆ. ಹಾಗಾಗಿ ಎಂಟು ವರ್ಷದ, ಹತ್ತು ವರ್ಷದ ಹುಡುಗಿಯ ಸೊಂಟಕ್ಕೆ ತಮ್ಮ ಬರುತ್ತಾನೆ. ಬೆಳಿಗ್ಗೆ ಅಮ್ಮ ಹೋದ ಮೇಲೆ ಅವನಿಗೆ ಉಣ್ಣಿಸುವುದು, ತೊಳೆಸುವುದು, ಮಲಗಿಸುವುದು, ಟ್ಯಾಂಕರ್ ಬಂದಾಗ ನೀರು ಹಿಡಿಯುವುದು, ಎಲ್ಲಾ ಅವಳದ್ದೇ. ಅವಳ ತಮ್ಮಂದಿರಲ್ಲಿ ದೊಡ್ಡವನು ಶಾಲೆಗೆ ಹೋಗುತ್ತಾನೆ. ಅವಳು ಹೋಗುವುದಿಲ್ಲ. ಹೀಗೆ ಎರಡು ವರ್ಷ, ಮೂರು ವರ್ಷ ಕಳೆಯುತ್ತದೆ, ಹನ್ನೆರಡು ಹದಿಮೂರಕ್ಕೆ ಬಂದ ಮೇಲೆ ಸಣ್ಣ ಮಕ್ಕಳ ಜೊತೆ ಕೂರಲು ಅವಳಿಗೇ ನಾಚಿಕೆ, ಆಮೇಲೆ ಊರಿನಿಂದ ಮದುವೆ ಮಾತು ಬರುತ್ತದೆ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಕರ್ನಾಟಕ ತಿದ್ದುಪಡಿ ತಂದಿದೆ, ಸರಿ. ಆದರೆ ಶಾಲೆಯಲ್ಲಿ ಇರುವ ಹುಡುಗಿಯ ಮದುವೆಯನ್ನು ತಡೆಯುವುದು ಶಾಲೆ ಬಿಟ್ಟು ಮನೆಯಲ್ಲಿ ಇರುವವಳ ಮದುವೆ ತಡೆಯುವುದಕ್ಕಿಂತ ಎಷ್ಟೋ ಸುಲಭ. ಯಾಕೆಂದರೆ ಅವಳು ಎರಡು ದಿನ ಬರದಿದ್ದರೆ ಟೀಚರಿಗೆ ಗೊತ್ತಾಗುತ್ತದೆ.

ಅಂಗನವಾಡಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಮೂರರಿಂದ ಆರು ವರ್ಷದ ಮಕ್ಕಳನ್ನು ನಾವೇ ಕರೆದುಕೊಂಡು ಹೋಗಿ ಸೇರಿಸುತ್ತೇವೆ. ಮೂರು ವರ್ಷದ ಒಳಗಿನ ಕೂಸುಗಳಿಗೆ ಅಲ್ಲಿ ಸಿಗುವುದು ಮನೆಗೆ ಒಯ್ಯುವ ಆಹಾರ, ಹಗಲೆಲ್ಲಾ ನೋಡಿಕೊಳ್ಳುವ ವ್ಯವಸ್ಥೆ ಅಲ್ಲ. ಸಂಜೆ ಅಮ್ಮ ಬರುವುದಕ್ಕೆ ಮೊದಲೇ ಅಂಗನವಾಡಿ ಮುಚ್ಚುತ್ತದೆ ಕೂಡ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲೇ 50ಕ್ಕಿಂತ ಜಾಸ್ತಿ ಹೆಣ್ಣಾಳುಗಳು ಇರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂತ ಬರೆದಿತ್ತು. ದೊಡ್ಡ ಕಂಪನಿಗಳ ಸೈಟಿಗೆ ಅದು ಸರಿ. ನಮ್ಮ ಶೆಡ್ಡುಗಳ ಹೆಂಗಸರು ಒಬ್ಬ ಮೇಸ್ತ್ರಿ ಹತ್ತಿರ ನಾಲ್ಕು ಜನ, ಇನ್ನೊಬ್ಬನ ಹತ್ತಿರ ಆರು ಜನ ಅಂತ ಹಂಚಿಹೋಗಿರುತ್ತಾರೆ, ಇವತ್ತು ಒಂದು ಕಡೆ ನಾಳೆ ಒಂದು ಕಡೆ. ಐವತ್ತರ ಲೆಕ್ಕ ಇವರಿಗೆ ಯಾವತ್ತೂ ಮುಟ್ಟುವುದಿಲ್ಲ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ಸರ್ಕಾರ 2023ರ ಬಜೆಟ್ಟಿನಲ್ಲಿ ಕೂಸಿನ ಮನೆ ಘೋಷಿಸಿತು, ಗ್ರಾಮ ಪಂಚಾಯಿತಿಗಳಲ್ಲಿ ಅವು ತೆರೆದವು. ಬಹಳ ಒಳ್ಳೆಯ ಕೆಲಸ. ಅದೇ ತಾಯಿ ಗುಳೆ ಬಂದು ನಗರದ ಅಂಚಿಗೆ ಇಳಿದ ದಿನ ಆ ಅನುಕೂಲ ಅವಳ ಕೈತಪ್ಪುತ್ತದೆ.

ಇದಕ್ಕೆ ದಾರಿ ಹುಡುಕಿದವರಲ್ಲಿ ನಾವೇ ಮೊದಲಿಗರಲ್ಲ. 1969ರಲ್ಲಿ ದೆಹಲಿಯಲ್ಲಿ, ರಾಜಘಾಟ್ ಹತ್ತಿರ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುವಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಮಕ್ಕಳನ್ನು ನೋಡಿ ಮೀರಾ ಮಹಾದೇವನ್ ಅವರು ಅಲ್ಲೇ ಒಂದು ಟೆಂಟ್ ಹಾಕಿ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಬೆಳೆದದ್ದು ಹಾಗೆ. ನಾವು ಮಾಡುತ್ತಿರುವುದು ಅದೇ ಕೆಲಸ, ಬಹಳ ಸಣ್ಣ ಮಟ್ಟದಲ್ಲಿ.

ನಮ್ಮ ಕೋಣೆಯಲ್ಲಿ ಏನಿದೆ ಹೇಳುತ್ತೇನೆ. ಶೀಟಿನ ಮನೆ, ಸಿಮೆಂಟಿನ ನೆಲ, ಅದರ ಮೇಲೆ ಚಾಪೆ. ಸೀರೆಯ ಜೋಳಿಗೆಗಳು. ಒಂದು ಗ್ಯಾಸ್ ಒಲೆ, ಕುಡಿಯುವ ನೀರಿನ ಕ್ಯಾನು, ಬಾಗಿಲಿಗೆ ಅರ್ಧ ಎತ್ತರದ ಅಡ್ಡಗಟ್ಟು. ಈ ಅಡ್ಡಗಟ್ಟು ಬಹಳ ಮುಖ್ಯ, ಯಾಕೆಂದರೆ ಸುತ್ತ ಇರುವುದು ತೆರೆದ ಸಂಪು, ಪಾಯದ ಗುಂಡಿ, ಕಂಬಿ ಚೂರು, ಹಿಂದಕ್ಕೆ ಬರುವ ಲಾರಿ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಅನ್ನ ಬೇಳೆ ಸೊಪ್ಪು, ಸಂಜೆ ಬಾಳೆಹಣ್ಣು ಅಥವಾ ಶೇಂಗಾ ಉಂಡೆ. ನೋಡಿಕೊಳ್ಳುವ ಅಕ್ಕಂದಿರು ಅದೇ ಶೆಡ್ಡುಗಳಿಂದ ಬಂದವರು, ಯಾವ ಕೂಸು ಯಾರದ್ದು, ಯಾವ ಅಪ್ಪ ಕುಡಿದು ಗಲಾಟೆ ಮಾಡುತ್ತಾನೆ, ಯಾವ ತಾಯಿ ಮತ್ತೆ ಬಸುರಿ, ಎಲ್ಲಾ ಅವರಿಗೆ ಗೊತ್ತು. ಹೊರಗಿನಿಂದ ಡಿಗ್ರಿ ಓದಿದವರನ್ನು ತಂದಿದ್ದರೆ ಈ ನಂಬಿಕೆ ಬರುತ್ತಿರಲಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೈಗೆ ಹುಷಾರಿಲ್ಲದ ಕೂಸನ್ನು ತಾಯಿ ನಂಬಿ ಬಿಟ್ಟು ಹೋಗುವುದು ತನ್ನ ಮಾತು, ತನ್ನ ಊಟ ಗೊತ್ತಿರುವವಳ ಹತ್ತಿರ ಮಾತ್ರ.

ಅಕ್ಕಂದಿರು ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಾರೆ, ಟೇಪು ಹಾಕಿ ತೋಳಿನ ಸುತ್ತಳತೆ ಅಳೆಯುತ್ತಾರೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ಮನೆಮದ್ದಿಗೆ ಬಗ್ಗುವುದಿಲ್ಲ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಚುಚ್ಚುಮದ್ದಿನದೂ ಹೀಗೇ. ದಡಾರ ರುಬೆಲ್ಲಾದ ಮೊದಲ ಡೋಸು ಊರಲ್ಲಿ ಆಗಿರುತ್ತದೆ, ಒಂದೂವರೆ ವರ್ಷದ ಹೊತ್ತಿಗೆ ಬೀಳಬೇಕಾದ ಎರಡನೆಯದು ಗುಳೆಯಲ್ಲಿ ತಪ್ಪಿರುತ್ತದೆ. ಚುಚ್ಚುಮದ್ದು ಬರೆದಿಡುವ ತಾಯಿ ಕಾರ್ಡ್ ಊರಲ್ಲೇ ಉಳಿದಿದ್ದರೆ ಫೋನಿನಲ್ಲಿ ಫೋಟೋ ತರಿಸಿಕೊಂಡು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಾಕಿಸುತ್ತೇವೆ. ಪುಕ್ಕಟೆಯೇ, ಯಾರಾದರೂ ಒಂದು ದಿನ ಕರೆದುಕೊಂಡು ಹೋಗಬೇಕು ಅಷ್ಟೇ. ಆ ಒಂದು ದಿನಕ್ಕೆ ತಾಯಿಯ ಕೂಲಿ ಹೋಗುತ್ತದೆ, ಅದಕ್ಕೇ ನಮ್ಮವರು ಹೋಗುತ್ತಾರೆ.

ಗಂಡ ತೀರಿಕೊಂಡ ಮನೆಗಳೂ ಇವೆ, ಮೇಲಿನಿಂದ ಬಿದ್ದು, ಕರೆಂಟ್ ಹೊಡೆದು. ಅಂಥ ಕಡೆ ಕಾಗದದ ಕೆಲಸವೇ ದೊಡ್ಡ ಸಹಾಯ. ಪರಿಹಾರ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು, ಬದುಕಿರುವಾಗಲೇ ಮಾಡಿಸಿರಬೇಕು, ಹಾಗಾಗಿ ಈಗ ಶೆಡ್ಡು ಶೆಡ್ಡಿಗೆ ಹೋಗಿ ಮಾಡಿಸುತ್ತಿದ್ದೇವೆ. ಮಕ್ಕಳ ರಕ್ಷಣೆಗೆ ಅಂತ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ವಿಧವೆ ತಾಯಿಯ ಮಕ್ಕಳು ಅದಕ್ಕೆ ಅರ್ಹರು, ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ನಿಮಗೆ ಗೊತ್ತಿರುವ ಮನೆಗಳಲ್ಲೂ ಇಂಥ ಮಕ್ಕಳಿದ್ದರೆ ಹೇಳಿ, ಅರ್ಜಿ ತುಂಬಲು ನಮ್ಮವರು ಸಹಾಯ ಮಾಡುತ್ತಾರೆ. ಇದಕ್ಕೆ ದೇಣಿಗೆ ಏನೂ ಕೊಡಬೇಕಾಗಿಲ್ಲ.

ಈಗ ದುಡ್ಡಿನ ವಿಷಯ. ನಮ್ಮ ಖರ್ಚಿನಲ್ಲಿ ಮೊದಲನೆಯದು ಅಕ್ಕಂದಿರ ಸಂಬಳ. ಸಂಬಳಕ್ಕೆ ದುಡ್ಡು ಕೊಡಲು ಜನರಿಗೆ ಯಾಕೋ ಮನಸ್ಸಾಗುವುದಿಲ್ಲ, ಬ್ಯಾಗು ಪುಸ್ತಕ ಕೊಡಿಸುತ್ತೇವೆ ಅನ್ನುತ್ತಾರೆ. ಬ್ಯಾಗು ಬೇಡ. ಪುಸ್ತಕ, ಸಮವಸ್ತ್ರ ಸರ್ಕಾರಿ ಶಾಲೆಯಲ್ಲೇ ಸಿಗುತ್ತವೆ. ಇಪ್ಪತ್ತು ಕೂಸುಗಳನ್ನು ದಿನವಿಡೀ ನೋಡಿಕೊಳ್ಳುವವಳಿಗೆ ಮರ್ಯಾದೆಯ ಸಂಬಳ ಕೊಡದೆ ಮಕ್ಕಳ ಸೇವೆ ಅಂತ ಹೇಳಿಕೊಳ್ಳುವುದು ತಪ್ಪು. ಆಮೇಲೆ ಕೋಣೆ ಬಾಡಿಗೆ, ದಿನಸಿ, ಗ್ಯಾಸು, ದೊಡ್ಡ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಆಟೋ. ಮುಖ್ಯ ರಸ್ತೆ ದಾಟಬೇಕು, ಆಟೋ ಇಲ್ಲದಿದ್ದರೆ ಅಪ್ಪ ಅಮ್ಮ ಕಳಿಸುವುದಿಲ್ಲ, ಅದರಲ್ಲಿ ಅವರ ತಪ್ಪಿಲ್ಲ.

ತಿಂಗಳಿಗೆ 500 ರೂಪಾಯಿ ಕೊಡಿ ಅಂತ ನನ್ನ ಕೋರಿಕೆ. ಒಂದೇ ಸಲ ಐದು ಸಾವಿರ ಕೊಡುವುದಕ್ಕಿಂತ ತಿಂಗಳು ತಿಂಗಳು 500 ಬಂದರೆ ನಮಗೆ ಜಾಸ್ತಿ ಅನುಕೂಲ, ಯಾಕೆಂದರೆ ಸಂಬಳ ಬಾಡಿಗೆ ಎರಡೂ ತಿಂಗಳಿಗೊಮ್ಮೆ ಬರುವ ಖರ್ಚು. ಆಗದವರು 100 ಕೊಡಿ. ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ದಿನದ ಊಟ ಕೊಡುತ್ತೇವೆ ಅನ್ನುವವರು ದಯವಿಟ್ಟು ಮೊದಲೇ ತಿಳಿಸಿ. ಊಟ ನಮ್ಮಲ್ಲೇ ಮಾಡುತ್ತೇವೆ, ಕೇಕು, ಚಿಪ್ಸು, ಹೊರಗಿನ ಸಿಹಿ ತರಬೇಡಿ, ಸಣ್ಣ ಮಕ್ಕಳ ಹೊಟ್ಟೆ ಕೆಡುತ್ತದೆ. ಹಳೆ ಬಟ್ಟೆಯೂ ಬೇಡ, ಇಡಲು ಜಾಗ ಇಲ್ಲ.

ಮಕ್ಕಳ ಫೋಟೋ ಹಾಕಿ, ಅವರ ಕಥೆ ಬರೆಯಿರಿ, ಆಗ ಜಾಸ್ತಿ ದುಡ್ಡು ಬರುತ್ತದೆ ಅಂತ ಸಲಹೆ ಕೊಟ್ಟವರು ಬಹಳ ಜನ. ಹಾಕುವುದಿಲ್ಲ. ಕಣ್ಣಲ್ಲಿ ನೀರು ತುಂಬಿದ ಮಗುವಿನ ಮುಖ ತೋರಿಸಿ ಕೇಳುವ ದುಡ್ಡು ನಮಗೆ ಬೇಡ. ನಾಳೆ ಆ ಹುಡುಗಿ ಬೆಳೆದು ಕಾಲೇಜಿಗೆ ಹೋದಾಗ ಆ ಫೋಟೋ ಯಾರ ಫೋನಿನಲ್ಲೋ ತಿರುಗುತ್ತಿರುತ್ತದೆ ಅಲ್ವಾ? ಅದರ ಬದಲು ಪ್ರತಿ ಮೂರು ತಿಂಗಳಿಗೆ ಖರ್ಚಿನ ಲೆಕ್ಕ, ಎಷ್ಟು ಹುಡುಗಿಯರು ತಮ್ಮಂದಿರನ್ನು ನಮ್ಮಲ್ಲಿ ಬಿಟ್ಟು ಶಾಲೆಗೆ ಹೋದರು, ಎಷ್ಟು ಜನ ನಡುವೆ ಬಿಟ್ಟರು, ಎರಡನ್ನೂ ಕಳಿಸುತ್ತೇವೆ.

ರಸೀದಿ ಎಲ್ಲರಿಗೂ ಬರುತ್ತದೆ. ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಅದೂ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ, ಆದ್ದರಿಂದ ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಹಾಕಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಮ್ಮ ಟ್ರಸ್ಟಿಗೆ ವಿದೇಶಿ ದೇಣಿಗೆ ಪಡೆಯುವ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ದುಬೈನಲ್ಲಿದ್ದರೂ ಸಿಂಗಪುರದಲ್ಲಿದ್ದರೂ ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಓಸಿಐ ಕಾರ್ಡ್ ಇದ್ದರೂ, ನಾವು ತೆಗೆದುಕೊಳ್ಳುವ ಹಾಗಿಲ್ಲ. ಅಂಥವರು ಬೇಜಾರು ಮಾಡಿಕೊಳ್ಳಬೇಡಿ, ಊರಲ್ಲಿರುವ ನಿಮ್ಮ ಅಣ್ಣ ತಮ್ಮಂದಿರಿಗೆ, ಗೆಳೆಯರಿಗೆ ಈ ಮನವಿ ಕಳಿಸಿ, ಅದೂ ಸಹಾಯವೇ.

ಹೊಸ ಕೋಣೆಗೆ ಜಾಗ ನೋಡಿದ್ದೇವೆ. ಮಾಲೀಕರು ಒಪ್ಪಿದ್ದಾರೆ, ಮುಂಗಡ ಕೊಡಬೇಕು. ದೀಪಾವಳಿ ಮುಗಿದು ಬಸ್ಸುಗಳು ತುಂಬಿ ಬರಲು ಶುರುವಾಗುವ ಮೊದಲು ಬಾಗಿಲು ತೆರೆದರೆ, ಈ ಸಲ ಬರುವ ಹುಡುಗಿಯರು ವರ್ಷದ ನಡುವೆಯೇ ಆದರೂ ಶಾಲೆಗೆ ಸೇರಿಬಿಡುತ್ತಾರೆ. ಖಾತೆಯ ವಿವರ, ಯುಪಿಐ ಚಿತ್ರ ಈ ಮನವಿಯ ಜೊತೆಗೇ ಇದೆ. ದುಡ್ಡು ಹಾಕಿದ ಮೇಲೆ ನಿಮ್ಮ ಹೆಸರು, ವಿಳಾಸ, ಪ್ಯಾನ್ ನಂಬರ್ ಕಳಿಸುವುದನ್ನು ಮರೆಯಬೇಡಿ, ತೆರಿಗೆ ವಿನಾಯಿತಿಯ ಪ್ರಮಾಣಪತ್ರಕ್ಕೆ ಅವು ಬೇಕಾಗುತ್ತವೆ. ಕೋಣೆ ನೋಡಬೇಕು ಅನ್ನುವವರು ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಹಿಂದಿನ ದಿನ ಒಂದು ಫೋನ್ ಮಾಡಿ.